ಗೂಡಿನ ದುಡ್ಡು ಬಂದ ದಿನವೇ ಖಾಲಿಯಾಗುವ ಮನೆಯ ಲೆಕ್ಕ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ. ವರ್ಷಕ್ಕೆ ಐದು ಬೆಳೆ ರೇಷ್ಮೆಗೂಡು ತೆಗೆಯುತ್ತೇವೆ. ಖರ್ಚು ಕಳೆದು ಬೆಳೆಗೆ ಸುಮಾರು 35,000 ರೂಪಾಯಿ ಉಳಿಯುತ್ತದೆ. ಎರಡು ಸೀಮೆಹಸುಗಳ ಹಾಲಿನಿಂದ ಹಿಂಡಿ, ಬೂಸಾ ಕಳೆದು ತಿಂಗಳಿಗೆ 7,500 ಸಿಗುತ್ತದೆ. ಅತ್ತೆಯವರ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಪಿಯುಸಿ ಓದುವ ಮಗ, ಎಂಟನೇ ತರಗತಿಯ ಮಗಳ ಓದೂ ಸೇರಿ ಮನೆಖರ್ಚು ತಿಂಗಳಿಗೆ 13,000. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲ 1,50,000, ಬ್ಯಾಂಕಿನಲ್ಲಿ ಒಡವೆ ಸಾಲ 1,20,000, ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಊರಿನವರೊಬ್ಬರಿಂದ ತಂದ ಕೈಸಾಲ 1,00,000 ಇವೆ. ಎರಡು ಮೈಕ್ರೋಫೈನಾನ್ಸ್ ಸಾಲಗಳ ಕಂತು ಸೇರಿ ತಿಂಗಳಿಗೆ 3,900 ಕಟ್ಟುತ್ತೇವೆ. ಒಂದು ಲಕ್ಷದ, ಇಪ್ಪತ್ತು ತಿಂಗಳ ಚೀಟಿಗೆ ತಿಂಗಳಿಗೆ 5,000 ಕಟ್ಟುತ್ತಿದ್ದು, ಹನ್ನೊಂದು ಕಂತು ಮುಗಿದಿದೆ; ಮಗಳ ಮದುವೆಗೆ ಇರಲೆಂದು ಕೊನೆಯವರೆಗೂ ಎತ್ತಬಾರದು ಎಂದುಕೊಂಡಿದ್ದೇವೆ. ಈಗ ಕಂತು ಕಟ್ಟಲು ಮೂರನೆಯ ಮೈಕ್ರೋಫೈನಾನ್ಸ್ ಸಾಲ ತೆಗೆಯೋಣ ಎನ್ನುತ್ತಾರೆ ಯಜಮಾನರು. ಕೈಸಾಲದ ವಿಷಯ ಅತ್ತೆಯವರಿಗೆ ಗೊತ್ತಿಲ್ಲ. ಎಷ್ಟು ದುಡಿದರೂ ಸಾಲ ಇಳಿಯುತ್ತಿಲ್ಲ. ದಾರಿ ತಿಳಿಸಿ.
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಸಾಲದ ಬಗ್ಗೆ ಓದುಗರು ಬರೆಯುವ ಪತ್ರಗಳಲ್ಲಿ ಸಾಮಾನ್ಯವಾಗಿ ಸಂಕಟವಿರುತ್ತದೆ, ಅಂಕಿ ಇರುವುದಿಲ್ಲ. ನೀವು ಎರಡನ್ನೂ ಬರೆದಿರುವುದರಿಂದ ನೇರವಾಗಿ ಲೆಕ್ಕಕ್ಕೇ ಹೋಗೋಣ. ವರ್ಷಕ್ಕೆ ಗೂಡಿನಿಂದ 1,75,000, ಹಾಲಿನಿಂದ 90,000, ಗೃಹಲಕ್ಷ್ಮಿಯಿಂದ 24,000, ಒಟ್ಟು 2,89,000 ರೂಪಾಯಿ ಬರುತ್ತದೆ. ಮನೆಖರ್ಚಿನ 1,56,000 ಕಳೆದರೆ 1,33,000 ಉಳಿಯಬೇಕು. ಆದರೆ ಮೈಕ್ರೋಫೈನಾನ್ಸ್ ಕಂತುಗಳಿಗೆ 46,800, ಕೈಸಾಲದ ಬಡ್ಡಿಗೆ 36,000, ಚೀಟಿಗೆ 60,000, ಒಡವೆ ಸಾಲದ ಬಡ್ಡಿಯನ್ನು ಶೇ 10 ಎಂದು ಹಿಡಿದರೆ ಅದಕ್ಕೆ 12,000, ಹೀಗೆ 1,54,800 ರೂಪಾಯಿ ಹೊರಗೆ ಹೋಗುತ್ತಿದೆ. ವರ್ಷಕ್ಕೆ 21,800 ರೂಪಾಯಿ ಕೊರತೆ ಬೀಳುತ್ತಿರುವುದು ನಿಮ್ಮ ದುಂದುವೆಚ್ಚದಿಂದಲ್ಲ. ಐದು ಜನರ ಮನೆಗೆ 13,000 ರೂಪಾಯಿ ಹೆಚ್ಚೇನೂ ಅಲ್ಲ. ಸಾಲ ಮತ್ತು ಉಳಿತಾಯಗಳನ್ನು ಜೋಡಿಸಿಕೊಂಡಿರುವ ರೀತಿಯಲ್ಲಿಯೇ ತೊಡಕಿದೆ. ಈ ಕೊರತೆಯನ್ನು ಮೂರನೆಯ ಸಾಲದಿಂದ ತುಂಬಿದರೆ, ಬರುವ ವರ್ಷದ ಕೊರತೆಗೆ ಆ ಸಾಲದ ಕಂತೂ ಸೇರಿಕೊಳ್ಳುತ್ತದೆ.

ಮೂರನೆಯ ಸಾಲ ಸಿಗುವುದೇನೋ ಸಿಗಬಹುದು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಕುಟುಂಬದ ಎಲ್ಲ ಸಾಲಗಳ ಮರುಪಾವತಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ನಿಮ್ಮ ತಿಂಗಳ ಆದಾಯ ಸುಮಾರು 24,000, ಅದರ ಅರ್ಧ 12,000. ಊರಿನವರ ಕೈಸಾಲವಾಗಲಿ ಚೀಟಿಯ ಕಂತಾಗಲಿ ಸಾಲ ಕೊಡುವವರ ಕಾಗದದಲ್ಲಿ ಕಾಣದೇ ಇರುವುದರಿಂದ, ನಿಮಗೆ ಇನ್ನೂ ತಾಳಿಕೆಯಿದೆಯೆಂದೇ ಅವರು ತೀರ್ಮಾನಿಸುತ್ತಾರೆ. ತಾಳಿಕೆ ಇಲ್ಲವೆಂಬುದು ನಿಮಗೆ ಮಾತ್ರ ಗೊತ್ತು.

ಈಗ ಚೀಟಿಯ ವಿಷಯ. ನೂರಕ್ಕೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಅಂತಹ ಸಾಲವೊಂದು ತಲೆಯ ಮೇಲಿರುವಾಗ ಚೀಟಿಯನ್ನು ಕೊನೆಯವರೆಗೆ ಬಿಡುವುದು ಉಳಿತಾಯದಂತೆ ಕಂಡರೂ ನಷ್ಟದ ಬಾಬತ್ತು. ಮುಂದಿನ ಹರಾಜಿನಲ್ಲಿ ಕೂಗಿ ಎತ್ತಿದರೆ ನಿಮಗೆ 85,000 ಸಿಗುತ್ತದೆಂದೂ, ಕೊನೆಯ ತಿಂಗಳವರೆಗೆ ಕಾದರೆ ಕಮಿಷನ್ ಕಳೆದು 95,000 ಸಿಗುತ್ತದೆಂದೂ ಇಟ್ಟುಕೊಳ್ಳಿ. ಕಾಯುವುದರಿಂದ ಬರುವ ಹೆಚ್ಚುವರಿ 10,000. ಅದೇ 85,000ವನ್ನು ಈಗಲೇ ಕೈಸಾಲಕ್ಕೆ ಕಟ್ಟಿದರೆ ತಿಂಗಳಿಗೆ 2,550 ರೂಪಾಯಿ ಬಡ್ಡಿ ನಿಲ್ಲುತ್ತದೆ. ನಡುವಿನ ಎಂಟು ತಿಂಗಳಿಗೆ ಅದು 20,400 ರೂಪಾಯಿ. ಹರಾಜಿನಲ್ಲಿ ಪೈಪೋಟಿಯಿಂದಾಗಿ ಇನ್ನೂ ಕಡಿಮೆಗೆ ಕೂಗಬೇಕಾಗಿ ಬಂದರೆ, ಬಿಟ್ಟುಕೊಡುವ ಮೊತ್ತ ಉಳಿಯುವ ಬಡ್ಡಿಗಿಂತ ಕಡಿಮೆ ಇರುವವರೆಗೆ ಎತ್ತುವುದೇ ಲಾಭ. ಚೀಟಿ ಎತ್ತಲು ಜಾಮೀನುದಾರರನ್ನು ಕೇಳುತ್ತಾರೆ, ಆದ್ದರಿಂದ ಹರಾಜಿಗೆ ಮುಂಚೆಯೇ ಒಬ್ಬಿಬ್ಬರನ್ನು ಒಪ್ಪಿಸಿಟ್ಟುಕೊಳ್ಳಿ. ಮಗಳ ಮದುವೆಗೆ ಇನ್ನೂ ಹಲವು ವರ್ಷಗಳಿವೆ, ಕೈಸಾಲದ ಬಡ್ಡಿಗೆ ಮುಂದಿನ ತಿಂಗಳೇ ಗಡುವು.

ಕೈಸಾಲ ಕೊಟ್ಟವರಿಗೆ ಹಣ ಮರಳಿಸುವಾಗ, ಸಹಿ ಮಾಡಿಕೊಟ್ಟ ಪ್ರಾಮಿಸರಿ ನೋಟು ಅಥವಾ ಖಾಲಿ ಚೆಕ್ ಅವರಲ್ಲಿದ್ದರೆ ಭಾಗಶಃ ಕಟ್ಟಿದ ದಿನವೇ ನೋಟಿನ ಹಿಂಭಾಗದಲ್ಲಿ ಪಾವತಿ ಬರೆಸಿಕೊಳ್ಳಿ, ಪೂರ್ತಿ ತೀರಿದ ದಿನ ಎರಡನ್ನೂ ವಾಪಸು ಪಡೆಯಿರಿ. ಲೇವಾದೇವಿ ನಡೆಸಲು ರಾಜ್ಯದಲ್ಲಿ ಪರವಾನಗಿ ಬೇಕು, ಅಡಮಾನವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ ಎಂಬುದನ್ನು ಜಗಳಕ್ಕಾಗಿ ಅಲ್ಲದಿದ್ದರೂ, ಬಡ್ಡಿ ಇಳಿಸಿಕೊಳ್ಳುವ ಮಾತಿಗೆ ಕೂತಾಗ ನೆನಪಿನಲ್ಲಿಟ್ಟುಕೊಳ್ಳಿ.

ಹೀಗೆ ಮಾಡಿದರೆ ಕೈಸಾಲದಲ್ಲಿ 15,000 ಮಾತ್ರ ಉಳಿಯುತ್ತದೆ. ಅದನ್ನು ತೀರಿಸುವ ಬಗೆ ಗೂಡಿನ ದುಡ್ಡನ್ನು ನೀವು ಹೇಗೆ ಹಂಚುತ್ತೀರಿ ಎಂಬುದರ ಮೇಲಿದೆ. ಹಾಲಿನ ಬಟವಾಡೆ ಮತ್ತು ಗೃಹಲಕ್ಷ್ಮಿ ಸೇರಿ ತಿಂಗಳಿಗೆ 9,500, ಮನೆಖರ್ಚು 13,000. ಅಂದರೆ ಪ್ರತಿ ತಿಂಗಳೂ 3,500 ರೂಪಾಯಿ ಗೂಡಿನ ದುಡ್ಡಿನಿಂದಲೇ ಬರಬೇಕು. ಗೂಡು ಮಾರಿದ ಹಣ ಜಮೆಯಾದ ವಾರದಲ್ಲೇ ಅಂಗಡಿಯ ಬಾಕಿ, ಮುಯ್ಯಿ, ಹಳೆಯ ಕೈಗಡ ಎಂದು ಕರಗಿ, ಮುಂದಿನ ಬೆಳೆಯವರೆಗೆ ಮತ್ತೆ ಕೈಗಡ ಮಾಡುವುದು ರೇಷ್ಮೆ ಸೀಮೆಯ ಅನೇಕ ಮನೆಗಳ ಕಥೆ. ಎರಡು ಬೆಳೆಗಳ ನಡುವೆ ಸರಾಸರಿ ಎರಡು ತಿಂಗಳು ಹನ್ನೆರಡು ದಿನವಿದೆ. ಆದ್ದರಿಂದ ಪ್ರತಿ ಬೆಳೆಯ 35,000ದಲ್ಲಿ ಮೊದಲು 8,400 ರೂಪಾಯಿಯನ್ನು ಮನೆಖರ್ಚಿಗೆ, 21,400 ರೂಪಾಯಿಯನ್ನು ಮೈಕ್ರೋಫೈನಾನ್ಸ್ ಮತ್ತು ಚೀಟಿಯ ಮುಂದಿನ ಕಂತುಗಳಿಗೆ ಬೇರೆ ಖಾತೆಯಲ್ಲಿ ಎತ್ತಿಡಿ. ಉಳಿಯುವ ಸುಮಾರು 5,000ವನ್ನು ಕೈಸಾಲದ ಅಸಲಿಗೆ ಕಟ್ಟಿ. ಮೂರು ಬೆಳೆಗೆ ಅದು ತೀರುತ್ತದೆ. ಒಂಬತ್ತು ತಿಂಗಳಿಗೆ ಚೀಟಿಯ ಕಂತೂ ಮುಗಿಯುತ್ತದೆ. ಒಡವೆ ಸಾಲದ ಬಡ್ಡಿಯನ್ನೂ ಕಟ್ಟಿ, ಮೊದಲ ವರ್ಷದ ಕೊನೆಗೆ ಸುಮಾರು 12,000 ರೂಪಾಯಿ ಕೈಯಲ್ಲಿರುತ್ತದೆ.

ಆ 12,000ವನ್ನು ತಕ್ಷಣ ಇನ್ನೊಂದು ಸಾಲಕ್ಕೆ ತುಂಬಬೇಡಿ. ಹುಳುಗಳಿಗೆ ಸುಣ್ಣಕಟ್ಟು, ಹಾಲುತೊಂಡೆ ರೋಗ ಬಿದ್ದು ಒಂದು ಬೆಳೆ ಹೋದರೆ ಏನಾಗುತ್ತದೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತುರ್ತಿಗೆ ಕನಿಷ್ಠ 20,000 ರೂಪಾಯಿ ಉಳಿತಾಯ ಖಾತೆಯಲ್ಲಿ ನಿಲ್ಲುವವರೆಗೆ ಬೇರೇನನ್ನೂ ಯೋಚಿಸಬೇಡಿ. ಅದಿಲ್ಲದಿದ್ದರೆ ಮುಂದಿನ ಆಸ್ಪತ್ರೆ ಖರ್ಚಿಗೆ ಅದೇ ಮೂರು ರೂಪಾಯಿ ಬಡ್ಡಿಯ ಬಾಗಿಲಿಗೆ ಹೋಗಬೇಕಾಗುತ್ತದೆ. ಅದರ ಜತೆಗೆ ಯಜಮಾನರ ಖಾತೆಯಿಂದ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವವಿಮೆ ಕಡಿತವಾಗುತ್ತಿವೆಯೇ ನೋಡಿ. ಈ ಎರಡು ಪ್ರಧಾನಮಂತ್ರಿ ಯೋಜನೆಗಳೂ ತಲಾ 2 ಲಕ್ಷದವು. ಹಾಲಿನ ಡೇರಿಯ ಸದಸ್ಯರಾಗಿದ್ದರೆ, ಸಹಕಾರ ಸಂಘಗಳ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿಯ ನೋಂದಣಿ ಶುರುವಾದಾಗ ಕಾರ್ಯದರ್ಶಿಯವರನ್ನು ವಿಚಾರಿಸಿ. ತುರ್ತು ಹಣ ಕೂಡುವ ಮೊದಲೇ ಬೆಳೆ ಕೆಟ್ಟರೆ, ಮೂರನೆಯ ಸಾಲಕ್ಕಿಂತ ಒಡವೆ ಸಾಲವನ್ನೇ ಸ್ವಲ್ಪ ಹೆಚ್ಚಿಸಿಕೊಳ್ಳುವುದು ಕಡಿಮೆ ಬಡ್ಡಿಯ ದಾರಿ. ಚಿನ್ನದ ಬೆಲೆ ಏರಿರುವುದರಿಂದ ಹಿಂದೆ ಇಟ್ಟ ಒಡವೆಯ ಮೇಲೆ ಅವಕಾಶವಿರುವ ಸಂಭವ ಹೆಚ್ಚು.

ಉಳಿದ ಸಾಲಗಳ ಸರದಿ ಹೀಗಿರಲಿ. ಕೈಸಾಲದ ನಂತರ ಮೈಕ್ರೋಫೈನಾನ್ಸ್: ಅವಧಿಗೆ ಮುಂಚೆ ತೀರಿಸಿದರೆ ದಂಡ ವಿಧಿಸುವಂತಿಲ್ಲ, ವಸೂಲಿಗೆಂದು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಅದರ ನಂತರ ಒಡವೆ. ಎರಡನೆಯ ವರ್ಷ ಚೀಟಿಯ ಕಂತೂ ಕೈಸಾಲದ ಬಡ್ಡಿಯೂ ಇರುವುದಿಲ್ಲವಾದ್ದರಿಂದ, ಮೈಕ್ರೋಫೈನಾನ್ಸ್ ಕಂತು ಇಡೀ ವರ್ಷ ನಡೆದರೂ, ತುರ್ತು ಹಣದ ಕೊರತೆ ತುಂಬಿದ ಮೇಲೆ 65,000ಕ್ಕೂ ಹೆಚ್ಚು ಒಡವೆಯ ಅಸಲಿಗೆ ಸಿಗಬೇಕು. ಪೂರ್ತಿ ತೀರಿಸಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ಹಿಂದಿರುಗಿಸಬೇಕು, ಸಾಲ ಕೊಟ್ಟವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ನಿರ್ದೇಶನದಲ್ಲಿ ಹೇಳಿದೆ.

ಸೊಸೈಟಿಯ ಬೆಳೆಸಾಲವನ್ನು ಎಲ್ಲಕ್ಕಿಂತ ಮೊದಲು ತೀರಿಸಿ ಹಗುರಾಗೋಣ ಎಂದು ಕೆಲವರಿಗೆ ಅನ್ನಿಸುತ್ತದೆ. ಅದು ಬೇಡ. ರಾಜ್ಯದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯಿಲ್ಲ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದರೆ ಆ ಸವಲತ್ತು ಹೋಗುತ್ತದೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹಳೆಯ ಸಾಲ ಕಟ್ಟಿ ಹೊಸದು ಪಡೆಯುವ ನಡುವಿನ ನಾಲ್ಕು ದಿನಕ್ಕೆಂದು ಹೊರಗೆ ಬಡ್ಡಿಗೆ ತರುವ ಬದಲು, ಎಷ್ಟು ದಿನದಲ್ಲಿ ಹೊಸ ಸಾಲ ಮಂಜೂರಾಗುತ್ತದೆಂದು ಒಂದು ತಿಂಗಳು ಮುಂಚೆಯೇ ಕೇಳಿಕೊಳ್ಳಿ.

ಅತ್ತೆಯವರಿಗೆ ಹೇಳಲೇಬೇಕು. ಹಳ್ಳಿಯಲ್ಲಿ ಕೈಸಾಲದ ಸುದ್ದಿ ಸೊಸೆ ಹೇಳುವ ಮೊದಲೇ ಅತ್ತೆಯ ಕಿವಿಗೆ ಬಿದ್ದಿರುತ್ತದೆ. ಹೇಳದೇ ಇದ್ದುದಷ್ಟೇ ಅವರಿಗೆ ನೋವಾಗಿರಬಹುದು. ಯಾರ ಮದುವೆಗೆ ಎಷ್ಟು ಮುಯ್ಯಿ, ಜಾತ್ರೆಗೆ ಯಾರನ್ನು ಕರೆಯುವುದು ಎಂಬುದನ್ನು ತೀರ್ಮಾನಿಸುವವರು ಅವರೇ ಆಗಿದ್ದರೆ, ಅವರಿಗೆ ಗೊತ್ತಿಲ್ಲದ ಲೆಕ್ಕದಲ್ಲಿ ಮನೆ ನಡೆಸುವುದು ಸಾಧ್ಯವಿಲ್ಲ. ಯಜಮಾನರೇ ಮಾತು ತೆಗೆಯಲಿ, ನೀವು ಲೆಕ್ಕದ ಪುಸ್ತಕ ಇಡಿ. ತುರ್ತಿನ ಹಣವನ್ನು ಅತ್ತೆಯವರ ಗೃಹಲಕ್ಷ್ಮಿ ಖಾತೆಯಲ್ಲೇ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ: ಆ ಹಣ ತೆಗೆಯಬೇಕಾದರೆ ಮನೆಯ ಹಿರಿಯರನ್ನು ಕೇಳಬೇಕಾಗುತ್ತದೆ, ಬೇಡದ ಖರ್ಚುಗಳು ಅಲ್ಲಿಯೇ ನಿಲ್ಲುತ್ತವೆ. ಬಟವಾಡೆಯ ದಿನ ಪುಸ್ತಕ ಬರೆಯುವ ಕೆಲಸವನ್ನು ಮಗನಿಗೆ ವಹಿಸಿ.

ಪ್ರಶ್ನೆ: ನಾವು ತುಮಕೂರಿನಲ್ಲಿದ್ದೇವೆ. ನಾನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ 24,000 ಸಂಬಳಕ್ಕೆ ದುಡಿಯುತ್ತೇನೆ, ಪತ್ನಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ 48,000 ಬಾಕಿಯಿದ್ದು, ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುತ್ತಿದ್ದೇನೆ. ನಾಲ್ಕು ವರ್ಷದ ಮಗಳಿಗೆಂದು 70,000 ರೂಪಾಯಿ ಠೇವಣಿ ಇದೆ. ಅದನ್ನು ಮುರಿಯಲು ಮನಸ್ಸು ಬರುತ್ತಿಲ್ಲ.
– ಓದುಗರು, ತುಮಕೂರು

ಉತ್ತರ: ಮುರಿಯಿರಿ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಇದ್ದರೆ ನಿಮ್ಮ ಬಾಕಿಗೆ ತಿಂಗಳಿಗೆ 1,680 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಠೇವಣಿಗೆ ಶೇ 6.8 ಬಡ್ಡಿಯಿದ್ದರೂ ವರ್ಷಕ್ಕೆ ಬರುವುದು 4,760 ಮಾತ್ರ; ಕಾರ್ಡು ಅದನ್ನು ಮೂರು ತಿಂಗಳೊಳಗೆ ನುಂಗುತ್ತದೆ. ಕನಿಷ್ಠ ಮೊತ್ತ ಕಟ್ಟುವುದರಿಂದ ಸುಸ್ತಿದಾರರೆನ್ನಿಸಿಕೊಳ್ಳುವುದು ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ, ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಅವಧಿಗೆ ಮುಂಚೆ ಮುರಿದದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಅಲ್ಪಸ್ವಲ್ಪ ಕಡಿತ ಮಾಡುತ್ತದೆ, ಅದನ್ನು ಲೆಕ್ಕಿಸಬೇಡಿ.

ಉಳಿಯುವ ಸುಮಾರು 22,000 ರೂಪಾಯಿ ತುರ್ತಿಗಿರಲಿ. ಕಾರ್ಡಿಗೆ ಕಟ್ಟುತ್ತಿದ್ದ ಕಂತನ್ನು ಇನ್ನು ಮುಂದೆ ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ ತಿರುಗಿಸಿ. ಹೆಣ್ಣುಮಗುವಿಗೆ 10 ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ಅಥವಾ ಬ್ಯಾಂಕಿನಲ್ಲಿ ತೆರೆಯಬಹುದಾದ ಖಾತೆ ಇದು. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1,50,000 ಕಟ್ಟಬಹುದು. 2024ರ ಜನವರಿಯಲ್ಲಿ ಬಡ್ಡಿಯನ್ನು ಶೇ 8.2ಕ್ಕೆ ಏರಿಸಲಾಯಿತು, ಸರ್ಕಾರ ಮೂರು ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸುತ್ತದೆ. ಮಗಳು ದೊಡ್ಡವಳಾಗುವವರೆಗೆ ಆ ಹಣ ಕೈಗೆ ಸಿಗದಾದ್ದರಿಂದಲೇ ತುರ್ತಿನ ಹಣವನ್ನು ಬೇರೆ ಇಡಬೇಕೆಂದದ್ದು.

ಪ್ರಶ್ನೆ: ಈ ಬಾರಿ ಟೊಮೆಟೊಗೆ ಒಳ್ಳೆಯ ಬೆಲೆ ಸಿಕ್ಕಿ, ಮಂಡಿಯ ಮುಂಗಡವೆಲ್ಲ ತೀರಿ 4 ಲಕ್ಷ ರೂಪಾಯಿ ಉಳಿದಿದೆ. ಸೌಹಾರ್ದ ಸಹಕಾರಿಯೊಂದು ಶೇ 10.5 ಬಡ್ಡಿ ಕೊಡುತ್ತೇವೆನ್ನುತ್ತದೆ. ಪಕ್ಕದ ಬೀದಿಯವರು ನಡೆಸುವ ಚೀಟಿಗೂ ಸೇರಲು ಕರೆಯುತ್ತಿದ್ದಾರೆ. ಯಾವುದು ಒಳ್ಳೆಯದು?
– ಓದುಗರು, ಕೋಲಾರ ತಾಲ್ಲೂಕು

ಉತ್ತರ: ಬ್ಯಾಂಕು ಮುಳುಗಿದರೆ ಠೇವಣಿದಾರರೊಬ್ಬರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ, ಆದರೆ ಸೌಹಾರ್ದ ಪತ್ತಿನ ಸಹಕಾರಿಗಳು ಬ್ಯಾಂಕುಗಳಲ್ಲ, ಅವುಗಳ ಠೇವಣಿಗೆ ಈ ವಿಮೆ ಇಲ್ಲ. ಚೆನ್ನಾಗಿ ನಡೆಯುವ ಸಹಕಾರಿಗಳು ಇಲ್ಲವೆಂದಲ್ಲ. ಆದರೆ ಶೇ 3 ಅಥವಾ 4ರಷ್ಟು ಹೆಚ್ಚಿನ ಬಡ್ಡಿಗೆ ನೀವು ಒಡ್ಡುತ್ತಿರುವುದು ಇಡೀ ಅಸಲನ್ನು. ಟೊಮೆಟೊ ಬೆಳೆಗಾರರಿಗೆ ಇದು ಇನ್ನೂ ದುಬಾರಿ, ಏಕೆಂದರೆ ಮುಂದಿನ ಬೆಳೆಗೆ ಸಸಿ, ಕೋಲು, ಮಲ್ಚಿಂಗ್ ಹಾಳೆ, ಔಷಧಿಗೆ ಹಣವಿಲ್ಲದೆ ಹೋದರೆ ಮತ್ತೆ ಮಂಡಿಯ ಮುಂಗಡಕ್ಕೇ ಕೈಯೊಡ್ಡಬೇಕು. ಮುಂಗಡ ತಂದವರಿಗೆ ಬೇರೆ ಮಂಡಿಗೆ ಮಾಲು ಹಾಕುವ ಸ್ವಾತಂತ್ರ್ಯ ಇರುವುದಿಲ್ಲ. ಮುಂದಿನ ಬೆಳೆಯ ಬಂಡವಾಳವನ್ನು ಮೊದಲು ಬ್ಯಾಂಕಿನ ಅಲ್ಪಾವಧಿ ಠೇವಣಿಯಲ್ಲಿಡಿ. ಬೆಲೆ ಕುಸಿದರೂ ಇನ್ನೊಂದು ಬೆಳೆ ಇಡುವಷ್ಟು ಹಣ ಅದರ ಜತೆಗೆ ಇರಲಿ. ಉಳಿದರೆ ಸೌಹಾರ್ದದ ಯೋಚನೆ ಮಾಡಬಹುದು, ನಾನಾಗಿದ್ದರೆ ಮಾಡುವುದಿಲ್ಲ.

ಪಕ್ಕದ ಬೀದಿಯ ಚೀಟಿ ನೋಂದಣಿಯಾಗಿದೆಯೇ ಎಂದು ಕೇಳಿ. 1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ನಡೆಸಲು ಮುಂಚಿತವಾಗಿ ಅನುಮತಿ ಪಡೆದು ನೋಂದಾಯಿಸಬೇಕು, ನಡೆಸುವವರು ಭದ್ರತಾ ಠೇವಣಿ ಇಡಬೇಕು. 2019ರ ತಿದ್ದುಪಡಿಯ ನಂತರ ಅವರ ಕಮಿಷನ್ ಶೇ 7ನ್ನು ಮೀರುವಂತಿಲ್ಲ. ನೋಂದಣಿ ಸಂಖ್ಯೆ ಹೇಳಿದರೆ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ‘ನಮ್ಮ ನಮ್ಮಲ್ಲಿ ಕಾಗದ ಯಾಕೆ’ ಎಂಬ ಉತ್ತರ ಬಂದರೆ ಸೇರಬೇಡಿ. ಚೀಟಿಯೇ ಬೇಕೆಂದಿದ್ದರೆ ರಾಜ್ಯ ಸರ್ಕಾರದ ಸಂಸ್ಥೆಯಾದ ಎಂಎಸ್‌ಐಎಲ್ ನಡೆಸುವ ಚೀಟಿಯಿದೆ.

ಠೇವಣಿ ಇಡುವ ದಿನ ಪತ್ನಿಯವರನ್ನೂ ಬ್ಯಾಂಕಿಗೆ ಕರೆದೊಯ್ದು ಖಾತೆಯನ್ನು ಜಂಟಿಯಾಗಿ ಮಾಡಿಸಿ, ನಾಮನಿರ್ದೇಶನವನ್ನೂ ಅಲ್ಲೇ ಮುಗಿಸಿ; 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾದ್ದರಿಂದ ಮಕ್ಕಳ ಹೆಸರುಗಳನ್ನೂ ಸೇರಿಸಬಹುದು.