ಏರ್ ಡೆಕ್ಕನ್‌ಗೂ ಮೊದಲು ಇದ್ದ ಹೆಲಿಕಾಪ್ಟರ್ ಕಂಪನಿ ಹೇಗೆ ನಡೆಯುತ್ತಿತ್ತು, ಆಮೇಲೆ ಏನಾಯಿತು?

ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಶುರು ಮಾಡುವ ಮೊದಲು ಹೆಲಿಕಾಪ್ಟರ್ ಬಾಡಿಗೆಗೆ ಬಿಡುತ್ತಿದ್ದರಂತೆ, ಅದರಲ್ಲಿ ದುಡ್ಡು ಹೇಗೆ ಹುಟ್ಟುತ್ತೆ, ಆ ಕಂಪನಿ ಎಲ್ಲಿ ಹೋಯಿತು ಅಂತ ಕೇಳಿದ್ದೀರಿ.

ಹೌದು, ಬಿಡುತ್ತಿದ್ದರು. ಹೆಸರು ಡೆಕ್ಕನ್ ಏವಿಯೇಷನ್. ಗೋಪಿನಾಥ್ ಮತ್ತು ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಕೆ.ಜೆ. ಸ್ಯಾಮ್ಯುಯೆಲ್ ಸೇರಿ ಕಟ್ಟಿದ್ದು. 1997ರಲ್ಲಿ ಹಾರಾಟ ಶುರುವಾಯಿತು. ನೆಲೆ ಬೆಂಗಳೂರಿನ ನಮ್ಮ ಜಕ್ಕೂರು ಏರ್‌ಫೀಲ್ಡ್. ಅದಕ್ಕೆ ಮೊದಲು ಗೋಪಿನಾಥ್ ಹಾಸನದ ಕಡೆ ರೇಷ್ಮೆ ಬೆಳೆದು, ಬೈಕ್ ಡೀಲರ್‌ಶಿಪ್ ನಡೆಸಿದವರು. ವಿಮಾನದ ಮನೆತನವೇನೂ ಅಲ್ಲ.

ನಾನು ಕೆಲವು ವರ್ಷ ಬೇರೊಂದು ಚಾರ್ಟರ್ (ಬಾಡಿಗೆ ಹಾರಾಟ) ಕಂಪನಿಯ ಆಪರೇಷನ್ಸ್‌ನಲ್ಲಿದ್ದೆ. ಆದ್ದರಿಂದ ಈ ವ್ಯಾಪಾರದ ಒಳಗುಟ್ಟು ಸ್ವಲ್ಪ ಹೇಳಬಲ್ಲೆ.

ಚಾರ್ಟರ್‌ನಲ್ಲಿ ಸೀಟು ಮಾರುವುದಿಲ್ಲ, ಗಂಟೆ ಮಾರುತ್ತೇವೆ. ಗಿರಾಕಿ ಇಡೀ ಹೆಲಿಕಾಪ್ಟರನ್ನೇ ಬಾಡಿಗೆಗೆ ಹಿಡಿಯುತ್ತಾನೆ. ಒಬ್ಬನೇ ಕೂತರೂ ಐದು ಜನ ಕೂತರೂ ಬಿಲ್ಲು ಒಂದೇ. ಜಕ್ಕೂರಿನಿಂದ ಖಾಲಿ ಹೋಗಿ ಕಲಬುರಗಿಯಲ್ಲಿ ಹತ್ತಿಸಿಕೊಳ್ಳಬೇಕಾದರೆ ಆ ಖಾಲಿ ಹಾರಾಟಕ್ಕೂ ಗಿರಾಕಿಯೇ ಕೊಡಬೇಕು. ಮೊದಲ ಸಲ ಕೇಳಿದವರು ಇಲ್ಲೇ ಸಿಟ್ಟಾಗೋದು. ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಅಂತಲೂ ಇರುತ್ತೆ, ರಾತ್ರಿ ನಿಂತರೆ ಅದಕ್ಕೆ ಬೇರೆ. ಹಾರದೆ ನಿಂತ ಹೆಲಿಕಾಪ್ಟರ್‌ಗೂ ಪೈಲಟ್ ಸಂಬಳ, ವಿಮೆ, ಲೀಸ್ ಕಂತು ತಪ್ಪಲ್ಲ ಅಲ್ವಾ. ತಿಂಗಳಿಗೆ ಎಷ್ಟು ಗಂಟೆ ಹಾರಿತು ಅನ್ನೋದರ ಮೇಲೇ ಕಂಪನಿಯ ಉಳಿವು. ವಿಮಾನಯಾನ ನಿಯಂತ್ರಕ ಡಿಜಿಸಿಎಯಿಂದ ನಾನ್ ಶೆಡ್ಯೂಲ್ಡ್ ಪರ್ಮಿಟ್, ಅಂದರೆ ನಿಗದಿತ ವೇಳಾಪಟ್ಟಿ ಇಲ್ಲದೆ ಹಾರುವ ಪರವಾನಗಿ ಬೇಕು. ಅದು ಸಿಗುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತೆ.

ಚುನಾವಣೆ ಅಂದರೆ ನಮಗೆ ಸುಗ್ಗಿ. ತಾಲ್ಲೂಕು ಕೇಂದ್ರದ ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ವೃತ್ತ, ನಡುವೆ ಎಚ್. ಧೂಳೇಳದಂತೆ ಬೆಳಗ್ಗೆಯೇ ಟ್ಯಾಂಕರ್ ನೀರು ಹೊಡೆಸಬೇಕು. ಅಗ್ನಿಶಾಮಕ ವಾಹನ, ಆಂಬ್ಯುಲೆನ್ಸ್, ಜಿಲ್ಲಾಡಳಿತದ ಅನುಮತಿ ಪತ್ರ. ಗಾಳಿ ಯಾವ ಕಡೆ ಅಂತ ಪೈಲಟ್‌ಗೆ ಕಾಣಲು ಹಸಿ ಸೊಪ್ಪು ಸುಟ್ಟು ಹೊಗೆ ಎಬ್ಬಿಸುತ್ತಾರೆ. ಶಾಮಿಯಾನದವರನ್ನು ದೂರ ಸರಿಸೋದೇ ದೊಡ್ಡ ರಗಳೆ: ರೆಕ್ಕೆಯ ಗಾಳಿಗೆ ಬಟ್ಟೆ ಹಾರಿ ಬಂದು ಸಿಕ್ಕಿಕೊಂಡರೆ ಕಥೆ ಮುಗಿಯಿತು. ಇಂಥ ಮೈದಾನಗಳಿಂದ ಸೂರ್ಯ ಮುಳುಗಿದ ಮೇಲೆ ಏಳುವ ಹಾಗಿಲ್ಲ. ಸಂಜೆ ಸಭೆಯಲ್ಲಿ ನಾಯಕರು ಗಡಿಯಾರ ನೋಡಿ ಭಾಷಣ ಮೊಟಕು ಮಾಡ್ತಾರಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಪೈಲಟ್ ಕಳಿಸಿದ ಚೀಟಿ. ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ. ಬಿಸಿ ಗಾಳಿ ತೆಳು, ಎತ್ತುವ ಶಕ್ತಿ ಕಡಿಮೆ. ಹಾಗಾಗಿ ಪ್ರಯಾಣಿಕರ ತೂಕ ಕೇಳಲೇಬೇಕು. ಅದನ್ನು ನಿಜ ಹೇಳುವ ರಾಜಕಾರಣಿ ನನಗೆ ಸಿಕ್ಕಿಲ್ಲ.

ಚುನಾವಣೆ ಬಿಟ್ಟರೆ ಉದ್ಯಮಿಗಳು, ರೋಗಿಗಳು, ತೀರ್ಥಯಾತ್ರೆ, ಸರ್ವೆ ಕೆಲಸ. ಡೆಕ್ಕನ್ ಶ್ರೀಲಂಕಾಗೂ ಹೋಗಿ ಡೆಕ್ಕನ್ ಲಂಕಾ ಅಂತ ಕಂಪನಿ ಮಾಡಿತ್ತು.

2003ರ ಆಗಸ್ಟ್‌ನಲ್ಲಿ ಇದೇ ಕಂಪನಿ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಗಳನ್ನು ಇಟ್ಟುಕೊಂಡು ಏರ್ ಡೆಕ್ಕನ್ ಶುರು ಮಾಡಿತು. ಅಲ್ಲಿಗೆ ಲೆಕ್ಕವೇ ತಿರುಗಿತು. ಏರ್‌ಲೈನ್‌ನಲ್ಲಿ ಸೀಟು ತುಂಬದಿದ್ದರೂ ವೇಳೆಗೆ ಹಾರಲೇಬೇಕು, ಖಾಲಿ ಸೀಟಿನ ಖರ್ಚು ನಿಮ್ಮ ತಲೆಗೇ. ನನ್ನನ್ನು ಕೇಳಿದರೆ ಗಟ್ಟಿ ವ್ಯಾಪಾರ ಹೆಲಿಕಾಪ್ಟರಿನದು, ದೊಡ್ಡ ಕನಸು ಏರ್‌ಲೈನಿನದು.

ಕಂಪನಿ ಎಲ್ಲಿ ಹೋಯಿತು ಅನ್ನೋದು ಮಜಾ ಇದೆ. 2006ರಲ್ಲಿ ಡೆಕ್ಕನ್ ಏವಿಯೇಷನ್ ಷೇರು ಪೇಟೆಗೆ ಬಂತು. 2007ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ ನಡೆಸುತ್ತಿದ್ದ ವಿಜಯ್ ಮಲ್ಯ ಅವರ ಯುಬಿ ಗುಂಪು 26% ಪಾಲು ಕೊಂಡಿತು. ಆಗಿನ ನಿಯಮದಂತೆ ವಿದೇಶಕ್ಕೆ ಹಾರಲು ದೇಶದೊಳಗೆ ಐದು ವರ್ಷ ಹಾರಿರಬೇಕಿತ್ತು. 2005ರಲ್ಲಿ ಶುರುವಾದ ಕಿಂಗ್‌ಫಿಷರ್‌ಗೆ ಅದು ಇರಲಿಲ್ಲ. ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಐದು ತುಂಬುತ್ತಿತ್ತು. ಹಾಗಾಗಿ ಕಿಂಗ್‌ಫಿಷರ್ ವ್ಯವಹಾರವನ್ನು ಡೆಕ್ಕನ್ ಏವಿಯೇಷನ್ ಒಳಗೆ ಸೇರಿಸಿ, ಹೆಸರನ್ನು ಕಿಂಗ್‌ಫಿಷರ್ ಏರ್‌ಲೈನ್ಸ್ ಅಂತ ಬದಲಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ವಿಮಾನ ಹೊರಟಿತು. ಅಂದರೆ ಕಾಗದದ ಮೇಲೆ, ಆಮೇಲೆ ಮುಳುಗಿದ ಕಿಂಗ್‌ಫಿಷರ್ ಕಂಪನಿಯೇ ಜಕ್ಕೂರಿನ ಆ ಹೆಲಿಕಾಪ್ಟರ್ ಕಂಪನಿ!

ಚಾರ್ಟರ್ ಭಾಗವನ್ನು ಮಾತ್ರ ಬೇರ್ಪಡಿಸಿ ಡೆಕ್ಕನ್ ಚಾರ್ಟರ್ಸ್ ಅಂತ ಮಾಡಿಕೊಂಡಿದ್ದರು. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ 2017ರ ಡಿಸೆಂಬರ್‌ನಲ್ಲಿ ಏರ್ ಡೆಕ್ಕನ್ ಹೆಸರನ್ನು ಮತ್ತೆ ಆಕಾಶಕ್ಕೆ ತಂದಿದ್ದು ಈ ಡೆಕ್ಕನ್ ಚಾರ್ಟರ್ಸೇ, ಅದೂ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನಗಳಲ್ಲಿ. 2020ರಲ್ಲಿ ಕೊರೊನಾ ಬಂದಾಗ ಆ ಸೇವೆಯೂ ನಿಂತಿತು.