ಸಂಪಾದಕರ ಉತ್ತರ: ಎರಡೇಟು ಬಿಗಿದ್ರ ಸತ್ಯ ಬರ್ತದೇನ್ರಿ?

ಆಳಂದದ ಓದುಗರೊಬ್ಬರು ಬರದಾರ: "ಕೊಲಿ ಕೇಸಿನ್ಯಾಗ ಲ್ಯಾಬ್ ರಿಪೋರ್ಟ್ ಅಂತ ತಿಂಗಳಗಟ್ಟಲೆ ಕಾಯೂದ್ಯಾಕ? ಸ್ಟೇಷನ್ನಿನ್ಯಾಗ ಎರಡೇಟು ಬಿಗಿದ್ರ ಒಂದೇ ರಾತ್ರಿಗೆ ಬಾಯಿ ಬಿಡ್ತಾರ, ಇಲ್ಲಾಂದ್ರ ಮಂಪರು ಮದ್ದು ಕೊಟ್ಟು ಬಾಯಿ ಬಿಡಿಸೂ ನಾರ್ಕೋ ಪರೀಕ್ಷೆ ಮಾಡಸ್ರಿ."

ಅಣ್ಣಾರ, ರಿಪೋರ್ಟ್ ತಡ ಆಗ್ತದ, ಖರೆ. ಆದ್ರ ಏಟಿನ ಮಾತು ಬಿಡ್ರಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನ್ಯಾಗ ನಡೆಯಂಗಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆನೇ ಹೇಳಿತ್ತು, ಈಗಿನ ಹೊಸ ಕಾಯ್ದೆದಾಗೂ ಹಂಗೇ ಅದ. ಇಂಗ್ಲೆಂಡಿನ ಲೆಸ್ಟರ್ ಕಡೆ 17 ವರ್ಷದ ಹುಡುಗ ವಿಚಾರಣಾದಾಗ ಕೊಲಿ ಒಪ್ಕೊಂಡೂಬಿಟ್ಟಿದ್ದ! 1984ರಾಗ ಡಿಎನ್‌ಎ ಗುರುತು ಹಿಡಿಯೂದು ಕಂಡುಹಿಡಿದ ಅಲೆಕ್ ಜೆಫ್ರೀಸ್ ಪರೀಕ್ಷೆ ಮಾಡಿ ನೋಡಿದ್ರ ಇವ ಅಲ್ಲವೇ ಅಲ್ಲ, ಅಂದ್ರ ಆ ವಿದ್ಯೆ ಮೊದಲು ಉಳಿಸಿದ್ದು ನಿರಪರಾಧೀನ, ಕೊಲೆಗಾರ ಸಿಕ್ಕಿದ್ದು ಆಮ್ಯಾಲ.

ನನ್ನ ಸಿಟ್ಟೇನಿದ್ರೂ ನಮ್ಮ ಮಂದಿ ಮ್ಯಾಲ. ಮುಟ್ಟಿದವ ಏನರೆ ಬಿಟ್ಟು ಹೋಗ್ತಾನ, ಏನರೆ ಹತ್ತಿಸ್ಕೊಂಡು ಹೋಗ್ತಾನ ಅನ್ನೂದು ಲೊಕಾರ್ಡ್ ಸೂತ್ರ, 1910ರಾಗ ಫ್ರಾನ್ಸಿನ ಲಿಯೋನ್‌ದಾಗ ಪೊಲೀಸ್ ಲ್ಯಾಬ್ ತಗದಾತನದು. ನಾ ವರದಿಗಾರ ಇದ್ದಾಗ ಸೇಡಂ ಕಡೆ ತೊಗರಿ ಹೊಲದಾಗ ಒಂದು ಹೆಣ ಬಿದ್ದಿತ್ತು, ಹೋಗೂದ್ರೊಳಗ ಅರ್ಧ ಊರು ತುಳದು ಹಾಕಿತ್ತು, ಯಾರೋ ಪುಣ್ಯಾತ್ಮ ಕುಡಗೋಲು ಒರೆಸಿ ಬದುವಿನ ಮ್ಯಾಲ ಇಟ್ಟಿದ್ದ! ರಕ್ತದ ಹಸಿ ಅಂಗಿ ಪ್ಲಾಸ್ಟಿಕ್ ಚೀಲದಾಗ ಗಂಟು ಕಟ್ಟಿದ್ರು. ಅದನ್ನ ನೆರಳಾಗ ಆರಿಸಿ, ಕಾಗದದ ಕವರಿನ್ಯಾಗ ಹಾಕಿ ಸೀಲ್ ಹೊಡೀಬೇಕ್ರಿ, ಇಲ್ಲಾಂದ್ರ ಬೂಷ್ಟು ಹಿಡಿದು ಡಿಎನ್‌ಎ ಕೆಡ್ತದ. ಆ ಕವರ್ ಯಾರ ಕೈಯಿಂದ ಯಾರ ಕೈಗೆ ಹೋತು ಅನ್ನೂದಕ್ಕೂ ಲೆಕ್ಕ ಬೇಕು, ಒಂದು ಸಹಿ ತಪ್ಪಿದ್ರ ಡಿಫೆನ್ಸ್ ವಕೀಲರು ಸುಮ್ನ ಬಿಡ್ತಾರೇನು? ನಮ್ಮ ಕಲಬುರಗಿ ಪ್ರಾದೇಶಿಕ ಲ್ಯಾಬಿನವರು ಎಷ್ಟೇ ಶಾಣ್ಯಾರಿರಲಿ, ಕೆಟ್ಟ ಮಾಲು ಕೊಟ್ರ ಏನು ಮಾಡ್ಯಾರು?

ಇದೇನು ಫಾರಿನ್ ವಿದ್ಯೆ ಅಂತ ಮೂಗು ಮುರೀಬ್ಯಾಡ್ರಿ. ಬೆರಳಚ್ಚು ಬ್ಯೂರೋ 1897ರಾಗ ಶುರುವಾಗಿದ್ದು ಕಲ್ಕತ್ತಾದಾಗ. ಅಚ್ಚು ವಿಂಗಡಿಸೂ ಲೆಕ್ಕಾಚಾರಕ್ಕ ತಲಿ ಕೆಡಿಸ್ಕೊಂಡವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಮ್ಯಾಲಿನ ಪೊಲೀಸ್ ಅಧಿಕಾರಿ ಹೆನ್ರಿ ಸಾಹೇಬಂದು! ಕೆಳಗ ದುಡಿಯೋರ ಹಣೇಬರಹ ಆಗಲೂ ಇಷ್ಟ, ಈಗಲೂ ಇಷ್ಟ.

2024ರ ಜುಲೈ 1ರಿಂದ ಬಂದ ಇನ್ನೊಂದು ಹೊಸ ಕಾಯ್ದೆ, ಅಂದ್ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ 7 ವರ್ಷ, ಅದಕ್ಕೂ ಮ್ಯಾಲ ಶಿಕ್ಷಾ ಇರೂ ಕೇಸಿಗೆ ವಿಧಿವಿಜ್ಞಾನ ತಜ್ಞರು ಜಾಗಾಕ್ಕೇ ಬರಬೇಕು, ರಾಜ್ಯಗಳಿಗೆ 5 ವರ್ಷ ಟೈಮ್ ಅದ. ಅವರು ಬರೂತನಕ ಮೊಬೈಲ್ ಹಿಡಕೊಂಡು ಒಳಗ ನುಗ್ಗಬ್ಯಾಡ್ರಪಾ ಅಂತ ನಿಮ್ಮ ಊರ ಹುಡುಗರಿಗೆ ನೀವೇ ಹೇಳ್ರಿ, ನಿಮ್ಮ ಮಾತು ಕೇಳ್ತಾರ.

ನಾರ್ಕೋ? ಒಪ್ಪಿಗೆ ಇಲ್ಲದ ಮಾಡಂಗಿಲ್ಲ ಅಂತ 2010ರಾಗೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ, ಅದೂ ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ, ನಮ್ಮದೇ ಸರ್ಕಾರದ ಕೇಸಿನ್ಯಾಗ!