ರಾತ್ರಿ ಆಕಾಶಕ್ಕೆ ಯಾವ ವೈಡ್ ಲೆನ್ಸ್, ಎಂಥ ಟ್ರೈಪಾಡ್?

ಕ್ರಾಪ್ ಸೆನ್ಸರ್ (35 ಎಂಎಂ ಫಿಲ್ಮ್ ಅಳತೆಯ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್ ಇದೆ, ಆಕಾಶಗಂಗೆ ತೆಗೆಯಲು 14 ಎಂಎಂ ಎಫ್/2.8 ಕೊಳ್ಳಲೋ 24 ಎಂಎಂ ಎಫ್/1.4 ಕೊಳ್ಳಲೋ, ಈಗಿರುವ ಹಗುರ ಟ್ರೈಪಾಡ್ ಸಾಕಾ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಟ್ರೈಪಾಡ್ ಬದಲಿಸುತ್ತೇನೆ. ಲೆನ್ಸ್ ವಿಷಯದಲ್ಲಿ ಆ ಎರಡನ್ನೂ ಬಿಡುತ್ತೇನೆ.

ಲೆನ್ಸ್ ಎಷ್ಟು ವೈಡ್ ಅಂತ ಎಲ್ಲರೂ ನೋಡುತ್ತಾರೆ. ಬೆಳಕು ಬರುವ ಬಾಯಿ ಎಷ್ಟು ದೊಡ್ಡದು ಅಂತ ನೋಡುವವರು ಕಡಿಮೆ. ಫೋಕಲ್ ಲೆಂಗ್ತನ್ನು (ಲೆನ್ಸ್ ಮೇಲಿನ ಎಂಎಂ ಸಂಖ್ಯೆ) ಎಫ್ ಸಂಖ್ಯೆಯಿಂದ (ಎಫ್/ ಆದಮೇಲೆ ಬರುವುದು) ಭಾಗಿಸಿ. 14 ಎಂಎಂ ಎಫ್/2.8ಕ್ಕೆ 5 ಮಿಲಿಮೀಟರ್ ಬರುತ್ತದೆ. ನಿಮ್ಮ ಕಿಟ್ ಲೆನ್ಸ್ 18 ಎಂಎಂನಲ್ಲಿ ಎಫ್/3.5 ಅಲ್ವಾ? ಅದಕ್ಕೂ ಹೆಚ್ಚುಕಡಿಮೆ ಅಷ್ಟೇ! ಅಷ್ಟೇ ಹೊತ್ತು ಎಕ್ಸ್‌ಪೋಶರ್ ಕೊಟ್ಟರೆ ಬಿಡಿ ನಕ್ಷತ್ರಗಳು ಎರಡರಲ್ಲೂ ಒಂದೇ ತರ ಬೀಳುತ್ತವೆ. ಆಕಾಶಗಂಗೆಯ ಮಸುಕು ಹೊಳಪಿಗೆ ಮಾತ್ರ ಎಫ್ ಸಂಖ್ಯೆಯೇ ಲೆಕ್ಕ. ಎಫ್/2.8ಕ್ಕಿಂತ ಎಫ್/1.4ರಲ್ಲಿ 4 ಪಟ್ಟು ಬೆಳಕು ಸಿಗುತ್ತದೆ.

ಹಾಗಾದರೆ 24 ಎಂಎಂ ಯಾಕೆ ಬೇಡ? ಕ್ರಾಪ್ ಸೆನ್ಸರ್‌ನಲ್ಲಿ ಅದು ಫುಲ್ ಫ್ರೇಮ್‌ನ ಸುಮಾರು 36 ಎಂಎಂ ಲೆನ್ಸ್‌ನಷ್ಟೇ ನೋಟ ಕೊಡುತ್ತದೆ. ಆಕಾಶದ ಜೊತೆ ಬೆಟ್ಟ, ಮರವನ್ನೂ ಸೇರಿಸಲು ಇಕ್ಕಟ್ಟು. ಕ್ಯಾಮೆರಾ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ್ದು) ಆಗಿದ್ದರೆ ಸಿಗ್ಮಾ 16 ಎಂಎಂ ಎಫ್/1.4 ನೋಡಿ. ಡಿಎಸ್‌ಎಲ್‌ಆರ್ (ಕನ್ನಡಿ ಇರುವುದು) ಆದರೆ ಸ್ಯಾಮ್ಯಾಂಗ್ 16 ಎಂಎಂ ಎಫ್/2. ಎರಡನೆಯದರಲ್ಲಿ ಆಟೋಫೋಕಸ್ ಇಲ್ಲ, ಚಿಂತೆ ಬೇಡ. ಕತ್ತಲಲ್ಲಿ ಹೇಗೂ ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯಲ್ಲಿ ನೇರ ಕಾಣುವ ನೋಟ) ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ ಕೈಯಲ್ಲೇ ಫೋಕಸ್ ಮಾಡಬೇಕು. ಲೆನ್ಸ್ ಮೇಲಿನ ಇನ್ಫಿನಿಟಿ ಗುರುತನ್ನು ಸುಮ್ನೆ ನಂಬಬೇಡಿ.

ಕೊಳ್ಳುವ ಮುಂಚೆ ಅಪರ್ಚರ್ (ಬೆಳಕು ಬರುವ ಬಾಯಿ) ಪೂರ್ತಿ ತೆರೆದು ತೆಗೆದ ಚಿತ್ರದ ಮೂಲೆಗಳನ್ನು ನೋಡಿ. ಕೋಮಾ ಎಂಬ ಲೆನ್ಸ್ ದೋಷ ಜಾಸ್ತಿ ಇದ್ದರೆ ಅಲ್ಲಿನ ನಕ್ಷತ್ರಗಳಿಗೆ ರೆಕ್ಕೆ ಬಂದಿರುತ್ತದೆ. ಅಪರ್ಚರ್ ಒಂದು ಸ್ಟಾಪ್ (ಬೆಳಕು ಅರ್ಧವಾಗುವಷ್ಟು) ಇಳಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಈಗ ಟ್ರೈಪಾಡ್. 16 ಎಂಎಂನಲ್ಲಿ 500ರ ಸೂತ್ರ ಹಾಕಿದರೆ, ಅಂದರೆ 500ನ್ನು 16 ಇಂಟು 1.5ರಿಂದ (1.5 ಕ್ರಾಪ್ ಸೆನ್ಸರ್ ಲೆಕ್ಕಕ್ಕೆ) ಭಾಗಿಸಿದರೆ, ಸುಮಾರು 20 ಸೆಕೆಂಡ್. ಅದಕ್ಕಿಂತ ಹೆಚ್ಚಾದರೆ ಭೂಮಿ ತಿರುಗುವುದರಿಂದ ನಕ್ಷತ್ರ ಗೆರೆಯಾಗುತ್ತದೆ. ನನಗೆ 20 ಕೂಡ ಜಾಸ್ತಿಯೇ, 12-13ಕ್ಕೆ ನಿಲ್ಲಿಸುತ್ತೇನೆ. ಅಷ್ಟು ಹೊತ್ತು ಕ್ಯಾಮೆರಾ ಕದಲಬಾರದು. ಐದು ಮಡಿಕೆಯ ಕಾಲುಗಳಲ್ಲಿ ಕೊನೆಯ ಮಡಿಕೆ ಪೆನ್ಸಿಲ್‌ನಷ್ಟು ಸಣ್ಣಗಿರುತ್ತದೆ, ಗಾಳಿಗೆ ನಡುಗುತ್ತದೆ. ಮೂರು ಮಡಿಕೆಯ ದಪ್ಪ ಕಾಲಿನದು ತಗೊಳ್ಳಿ, ತೂಕ ಇದ್ದರೂ ಪರವಾಗಿಲ್ಲ. ನಡುವಿನ ಕಂಬ ಎತ್ತಲೇಬೇಡಿ. ಬಾಲ್‌ಹೆಡ್ (ಕ್ಯಾಮೆರಾ ಕೂರಿಸಿ ತಿರುಗಿಸುವ ಗುಂಡು ತಲೆ) ಕೂಡ ಮುಖ್ಯ: ಕ್ಯಾಮೆರಾವನ್ನು ಮೇಲಕ್ಕೆ ಮುಖ ಮಾಡಿ ಬಿಗಿ ಮಾಡಿದ ಮೇಲೆ ನಿಧಾನವಾಗಿ ಜಾರುತ್ತದಾ ಅಂತ ಅಂಗಡಿಯಲ್ಲೇ ಪರೀಕ್ಷಿಸಿ. ಬ್ಯಾಗ್ ತೂಗು ಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಗಾಳಿಗೆ ಓಲಾಡಿ ಕ್ಯಾಮೆರಾವನ್ನೂ ಅಲುಗಿಸುತ್ತದೆ.

ಟ್ರೈಪಾಡ್ ಬಂದ ಮೇಲೆ ಕಿಟ್ ಲೆನ್ಸ್‌ನಲ್ಲೇ 18 ಎಂಎಂ, ಎಫ್/3.5, ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200, 15 ಸೆಕೆಂಡ್ ಇಟ್ಟು ಶುರು ಮಾಡಿ. ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ. ಒಂದೆರಡು ರಾತ್ರಿ ಹೀಗೆ ತೆಗೆದರೆ ನಿಮಗೆ ಬೇಕಿರುವುದು ಇನ್ನಷ್ಟು ಆಕಾಶವೋ ಇನ್ನಷ್ಟು ಬೆಳಕೋ ಗೊತ್ತಾಗುತ್ತದೆ, ಆಮೇಲೆ ಲೆನ್ಸ್‌ಗೆ ದುಡ್ಡು ಹಾಕಿ.